ಸಂಭವನೀಯತೆ ಅಭ್ಯಾಸಕ್ಕೆ ಯಾವುದು ಸರಿ: ಹಳೆ ಪ್ರಶ್ನೆಪತ್ರಿಕೆಯೋ, ಹುಣಸೆ ಬೀಜವೋ, ಎಕ್ಸೆಲ್ ಶೀಟೋ, ಮಳೆ ಪುಸ್ತಕವೋ?

ಹಾಸನದ ನಮ್ಮ ಮನೆಯ ಹಜಾರದಲ್ಲಿ ಸಂಜೆ ಏಳೆಂಟು ಮಕ್ಕಳು ಲೆಕ್ಕ ಹೇಳಿಸಿಕೊಳ್ಳಲು ಬರುತ್ತಾರೆ. ಎಸ್‌ಎಸ್‌ಎಲ್‌ಸಿಯವರು, ಪಿಯುಸಿಯಲ್ಲಿ ಎಸ್‌ಇಬಿಎ ತಗೊಂಡವರು (ಸಂಖ್ಯಾಶಾಸ್ತ್ರ ಇರುವ ವಾಣಿಜ್ಯ ವಿಭಾಗ), ಡಿಗ್ರಿ ಓದುವ ಒಬ್ಬಿಬ್ಬರು. ಸಂಖ್ಯಾಶಾಸ್ತ್ರ, ಸಂಭವನೀಯತೆಯ ಪಾಠ ಶುರುವಾದ ವಾರ ಅಪ್ಪ ಅಮ್ಮಂದಿರದ್ದು ಒಂದೇ ಪ್ರಶ್ನೆ: "ಯಾವ ಪುಸ್ತಕ ಕೊಡಿಸ್ಬೇಕು? ಯಾವ ಆಪ್ ಹಾಕಿಸ್ಬೇಕು?"

ಮಗು ಕೊನೆಯದಾಗಿ ತಪ್ಪು ಮಾಡಿದ ಐದು ಲೆಕ್ಕ ತೋರಿಸಿ ಅಂತ ನಾನು ಕೇಳುತ್ತೇನೆ. ಉತ್ತರ ಅದರಲ್ಲೇ ಇರುತ್ತದೆ. ಒಬ್ಬಳಿಗೆ ಪ್ರಶ್ನೆಯ ಮಾತೇ ಅರ್ಥವಾಗಿರುವುದಿಲ್ಲ. ಇನ್ನೊಬ್ಬನಿಗೆ ಮಾತು ಗೊತ್ತು, ಯಾವ ಸೂತ್ರ ಹಾಕಬೇಕು ಅಂತ ಹೊಳೆದಿಲ್ಲ. ಮತ್ತೊಬ್ಬ ಸೂತ್ರ ಹಾಕಿ, ಉತ್ತರ 1.4 ಬಂದರೂ ಗಾಬರಿಯಾಗದೆ ಕೆಳಗೆ ಎರಡು ಗೆರೆ ಎಳೆದಿದ್ದಾನೆ. ಸಂಭವನೀಯತೆ ಒಂದನ್ನು ದಾಟುವ ಹಾಗೇ ಇಲ್ಲ ಅನ್ನುವುದು ಅವನಿಗೆ ಬಾಯಿಪಾಠ ಬರುತ್ತದೆ, ಆದರೆ ಕಣ್ಣಿಗೆ ಚುಚ್ಚುವುದಿಲ್ಲ. ಮೂವರ ಕಾಯಿಲೆಯೂ ಬೇರೆ, ಮದ್ದೂ ಬೇರೆ.

ಎಲ್ಲರಿಗೂ ಒಂದು ಮಾತು ಮಾತ್ರ ಹೇಳುತ್ತೇನೆ. ಲೆಕ್ಕ ಮಾಡುವ ಮೊದಲು ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಒಂದು ಅಂದಾಜು ಬರೆದಿಡಿ. ಆಮೇಲೆ ಅಳಿಸಬೇಡಿ. ಆ ಅಂದಾಜು ಎಷ್ಟು ತಪ್ಪು ಅಂತ ಯಾವ ದಾರಿ ನಿಮಗೆ ಮುಖಕ್ಕೆ ಹೊಡೆದ ಹಾಗೆ ತೋರಿಸುತ್ತದೋ, ನನ್ನ ಲೆಕ್ಕದಲ್ಲಿ ಅದೇ ಒಳ್ಳೆಯ ಅಭ್ಯಾಸ. ಕೆಳಗಿನ ಹೋಲಿಕೆಯನ್ನೆಲ್ಲ ಇದೇ ಅಳತೆಗೋಲಿನಲ್ಲಿ ಮಾಡಿದ್ದೇನೆ.

ಹಳೆ ಪ್ರಶ್ನೆಪತ್ರಿಕೆ, ಕ್ವೆಶ್ಚನ್ ಬ್ಯಾಂಕ್

ಪರೀಕ್ಷೆಗೆ ಎರಡು ತಿಂಗಳಿದೆ ಅಂದರೆ ಇದನ್ನು ಬಿಟ್ಟು ಬೇರೆ ಮಾತಿಲ್ಲ. ಖರ್ಚು ಕಡಿಮೆ, ಅಂಕ ಹೇಗೆ ಹಂಚುತ್ತಾರೆ ಅಂತ ತಿಳಿಯುತ್ತದೆ, ಕೈ ಚುರುಕಾಗುತ್ತದೆ. ತೊಂದರೆ ಎಲ್ಲಿ ಅಂದರೆ, ಪುಸ್ತಕದಲ್ಲಿ ಲೆಕ್ಕಗಳನ್ನು ಜಾತಿವಾರು ಜೋಡಿಸಿರುತ್ತಾರೆ. ಕೂಡುವ ನಿಯಮದ ಹತ್ತು ಲೆಕ್ಕ, ಆಮೇಲೆ ಗುಣಿಸುವ ನಿಯಮದ ಹತ್ತು. ಮೇಲಿನ ತಲೆಬರಹವೇ ಉತ್ತರದ ಅರ್ಧ ಹೇಳಿಬಿಟ್ಟಿರುತ್ತದೆ.

ನಾನು ಓದುವಾಗ ಟ್ಯೂಷನ್ ಒಂದರಲ್ಲಿ ಹೇಳಿಕೊಟ್ಟದ್ದು ಹೀಗಿತ್ತು: "ಅಥವಾ" ಬಂದರೆ ಕೂಡಿಸು, "ಮತ್ತು" ಬಂದರೆ ಗುಣಿಸು. ಬಹಳ ದಿನ ಅದನ್ನೇ ನಂಬಿಕೊಂಡಿದ್ದೆ. ಪರೀಕ್ಷೆಯಲ್ಲಿ ಬಂತು: ಇಸ್ಪೀಟ್ ಕಟ್ಟಿನಿಂದ ಒಂದು ಎಲೆ ತೆಗೆದರೆ ಅದು ರಾಜ ಅಥವಾ ಆಟೀನು ಆಗಿರುವ ಸಂಭವನೀಯತೆ ಎಷ್ಟು? ರಾಜ 4, ಆಟೀನು 13, ಕೂಡಿಸಿ 17/52 ಬರೆದು ಬಂದೆ. ಆಟೀನು ರಾಜ ಎರಡೂ ಕಡೆ ಸೇರಿ ಎರಡು ಸಲ ಎಣಿಕೆಯಾಗಿತ್ತು. ಸರಿ ಉತ್ತರ 16/52. ಮನೆಗೆ ಬಂದು ಎಲೆಗಳನ್ನು ಚಾಪೆ ಮೇಲೆ ಹರಡಿ ಎಣಿಸಿದಾಗಲೇ ನನಗೆ ಅದು ತಲೆಗೆ ಹೋದದ್ದು.

ಹಾಗಾಗಿ ಕ್ವೆಶ್ಚನ್ ಬ್ಯಾಂಕ್ ಕೊಂಡರೆ ಅದನ್ನು ಕತ್ತರಿಸಿ. ತಮಾಷೆಯಲ್ಲ. ಜೆರಾಕ್ಸ್ ಮಾಡಿಸಿ, ಒಂದೊಂದು ಲೆಕ್ಕವನ್ನೂ ಚೀಟಿ ಮಾಡಿ ಡಬ್ಬಿಗೆ ಹಾಕಿ, ದಿನಾ ಐದು ಎತ್ತಿ. ಯಾವ ನಿಯಮ ಅಂತ ಗುರುತಿಸುವುದೇ ಆಗ ಅಭ್ಯಾಸವಾಗುತ್ತದೆ. ಮೊದಲ ವಾರ ಅಂಕ ಕುಸಿಯುತ್ತದೆ, ಹೆದರಬೇಡಿ.

ಕನ್ನಡ ಮಾಧ್ಯಮದಿಂದ ಪಿಯುಸಿಗೆ ಬಂದವರಿಗೆ ಇನ್ನೊಂದು ಕಷ್ಟವಿದೆ, ಅದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. "ಅಟ್ ಲೀಸ್ಟ್ ಟೂ", "ಅಟ್ ಮೋಸ್ಟ್ ಟೂ", "ಮೋರ್ ದ್ಯಾನ್ ಟೂ" ಇವು ಮೂರೂ ಅವರ ಕಿವಿಗೆ ಒಂದೇ ಥರ ಕೇಳಿಸುತ್ತವೆ. ಅಟ್ ಲೀಸ್ಟ್ ಟೂ ಅಂದರೆ ಎರಡು ಮತ್ತು ಅದಕ್ಕಿಂತ ಮೇಲೆ. ಅಟ್ ಮೋಸ್ಟ್ ಟೂ ಅಂದರೆ ಸೊನ್ನೆ, ಒಂದು, ಎರಡು. ಸೊನ್ನೆಯನ್ನು ಬಿಡುವವರೇ ಜಾಸ್ತಿ. ಇಂಥವರಿಗೆ ನಾನು ಒಂದು ವಾರ ಲೆಕ್ಕವನ್ನೇ ಮಾಡಿಸುವುದಿಲ್ಲ. ಪ್ರಶ್ನೆ ಓದಿ, ಯಾವ ಯಾವ ಸಂಖ್ಯೆ ಒಳಗೆ ಬರುತ್ತವೆ ಅಂತ ಬರೆದರೆ ಸಾಕು. ಎಸ್‌ಎಸ್‌ಎಲ್‌ಸಿ ಪುಸ್ತಕದ ನಾಣ್ಯಕ್ಕೆ ಶಿರ, ಪುಚ್ಛ ಅಂತ ಇದ್ದದ್ದು ಇಲ್ಲಿ ಹೆಡ್ಡು, ಟೇಲು ಆಗುತ್ತದೆ. ಅದೊಂದು ಮಾತ್ರ ಯಾರಿಗೂ ಕಷ್ಟವಾದದ್ದು ನೋಡಿಲ್ಲ.

ಹುಣಸೆ ಬೀಜ

ನನಗೆ ಅತಿ ಇಷ್ಟದ ದಾರಿ ಇದು, ಅದಕ್ಕೇ ಸ್ವಲ್ಪ ಉದ್ದ ಹೇಳುತ್ತೇನೆ.

ಚೌಕಾಬಾರ ಆಡಿದವರಿಗೆ ಗೊತ್ತು. ನಾಲ್ಕು ಕವಡೆ, ಇಲ್ಲದಿದ್ದರೆ ಸೀಳಿ ಕಲ್ಲಿಗೆ ಉಜ್ಜಿದ ಹುಣಸೆ ಬೀಜ. ಒಂದು ಮಗ್ಗುಲು ಬಿಳಿ, ಇನ್ನೊಂದು ಕಂದು. ಎಷ್ಟು ಬಿಳಿ ಮೇಲೆ ಬಿತ್ತೋ ಅಷ್ಟು ಮನೆ ನಡೆಯಬೇಕು. ನಾಲ್ಕೂ ಬಿಳಿಯಾದರೆ ಚೌಕ, ನಾಲ್ಕು ಮನೆ. ನಾಲ್ಕೂ ಕವುಚಿ ಬಿದ್ದರೆ ಬಾರ, ಎಂಟು ಮನೆ. ಚೌಕ ಅಥವಾ ಬಾರ ಬಿದ್ದರೆ ಇನ್ನೊಂದು ಸಲ ಎಸೆಯಬಹುದು.

ಇಲ್ಲಿ ಅಂದಾಜು ಬರೆಯಿರಿ: ಒಂದು, ಎರಡು, ಮೂರು, ಚೌಕ, ಬಾರ, ಇವುಗಳಲ್ಲಿ ಯಾವುದು ಎಷ್ಟು ಸಲ ಬೀಳುತ್ತದೆ?

ಬಿಳಿಗೂ ಕಂದಿಗೂ ಸಮ ಅವಕಾಶ ಅಂದುಕೊಂಡರೆ ಒಟ್ಟು 16 ಬಗೆ. ಒಂದು ಬೀಳಲು 4 ದಾರಿ, ಎರಡಕ್ಕೆ 6, ಮೂರಕ್ಕೆ 4, ಚೌಕಕ್ಕೆ 1, ಬಾರಕ್ಕೆ 1. ದ್ವಿಪದ ವಿತರಣೆ ಅಂತ ಪಿಯುಸಿಯಲ್ಲಿ ಓದುವುದು ಇದನ್ನೇ. ಸರಾಸರಿ ನಡೆ ತೆಗೆದರೆ 40/16, ಅಂದರೆ ಎರಡೂವರೆ ಮನೆ. ಇಷ್ಟು ಪುಸ್ತಕದಲ್ಲೂ ಸಿಗುತ್ತದೆ.

ಪುಸ್ತಕದಲ್ಲಿ ಸಿಗದೇ ಇರುವುದು ಬೀಜ ಎಸೆದಾಗ ಶುರುವಾಗುತ್ತದೆ. ಹುಣಸೆ ಬೀಜ ನಾಣ್ಯದ ಹಾಗೆ ಎರಡೂ ಕಡೆ ಒಂದೇ ಥರ ಇಲ್ಲವಲ್ಲ! ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಉಬ್ಬು. ಹೇಗೆ ಉಜ್ಜಿದ್ದೀರಿ ಅನ್ನುವುದರ ಮೇಲೆ ಅದರ ಬುದ್ಧಿ. ನಾಲ್ಕು ಬೀಜವನ್ನು ನೂರು ಸಲ ಎಸೆಯಿರಿ. ಒಟ್ಟು 400 ಮಗ್ಗುಲು ನೋಡಿದ ಹಾಗಾಯಿತು. ಅದರಲ್ಲಿ 240 ಬಿಳಿ ಬಂತು ಅಂತಿಟ್ಟುಕೊಳ್ಳಿ. ಆಗ ಬಿಳಿಯ ಸಂಭವನೀಯತೆ ಅರ್ಧ ಹೋಗಿ 0.6 ಆಯಿತು. ಚೌಕದ ಸಂಭವನೀಯತೆ 0.6ರ ನಾಲ್ಕನೇ ಘಾತ, ಸುಮಾರು 0.13. ಬಾರದ್ದು 0.4ರ ನಾಲ್ಕನೇ ಘಾತ, ಸುಮಾರು 0.026. ಮೊದಲು ಎರಡೂ ಹದಿನಾರರಲ್ಲಿ ಒಂದು ಇದ್ದವು. ಈಗ ಚೌಕ ಎಂಟರಲ್ಲಿ ಒಂದರ ಹತ್ತಿರ, ಬಾರ ಮೂವತ್ತೊಂಬತ್ತರಲ್ಲಿ ಒಂದು. ಬೀಜದ ಸ್ವಭಾವ ಇಷ್ಟೇ ಇಷ್ಟು ವಾಲಿದರೂ ನಾಲ್ಕು ಸಲ ಗುಣಿಸುವಾಗ ಎಷ್ಟು ದೂರ ಹೋಗುತ್ತದೆ ನೋಡಿ. ಸರಾಸರಿ ನಡೆ ಮಾತ್ರ 2.5ರಿಂದ 2.6 ಆಯಿತು, ಅಷ್ಟೇ. ಸರಾಸರಿ ಒಂದನ್ನೇ ನೋಡಿದವನಿಗೆ ಆಟ ಬದಲಾದದ್ದೇ ಗೊತ್ತಾಗುವುದಿಲ್ಲ.

ಆಮೇಲೆ ಮಕ್ಕಳೇ ಕೇಳುತ್ತಾರೆ: 240 ಬಂದದ್ದು ಬೀಜದ ಗುಣವೋ, ಸುಮ್ನೆ ಅದೃಷ್ಟವೋ? ಈ ಪ್ರಶ್ನೆಯನ್ನು ಅವರ ಬಾಯಲ್ಲಿ ಬರಿಸುವುದಕ್ಕೇ ಇಷ್ಟು ಕಷ್ಟ. ಸಮ ಬೀಜವಾಗಿದ್ದರೆ 200ರ ಆಸುಪಾಸು ಬರಬೇಕು, ಮಾನಕ ವಿಚಲನೆ (ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಆಚೀಚೆ ಹೋಗುತ್ತದೆ ಅನ್ನುವ ಅಳತೆ) 10. ಅಂದರೆ 240 ಅನ್ನುವುದು ನಾಲ್ಕು ಮಾನಕ ವಿಚಲನೆ ಆಚೆ. ಅದೃಷ್ಟಕ್ಕೆ ಅಷ್ಟು ದೂರ ನಡೆಯುವ ಶಕ್ತಿ ಇರುವುದಿಲ್ಲ. ಇದೇ ಪ್ರಮಾಣ 100ರಲ್ಲಿ 60 ಆಗಿದ್ದರೆ? ಆಗ ಎರಡು ಮಾನಕ ವಿಚಲನೆ ಮಾತ್ರ, ಅನುಮಾನ ಪಡಬಹುದು, ಆಣೆ ಮಾಡಲಾಗದು. ಹೀಗೆ ಎಸೆದು ಮಾಡಿದ ಅಂದಾಜು ಎಷ್ಟು ನಿಖರವಾಗಬಹುದು, ಅದಕ್ಕೊಂದು ಮಿತಿ ಇದೆಯೇ ಅಂತ 1945ರಲ್ಲಿ ತೋರಿಸಿಕೊಟ್ಟವರು ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್. ಅವರು ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ, 1920ರಲ್ಲಿ.

ಈ ದಾರಿಯ ಕೊರತೆ ಹೊತ್ತು. ನೂರು ಸಲ ಎಸೆದು ಬರೆಯುವುದಕ್ಕೆ ಅರ್ಧ ಗಂಟೆಗಿಂತ ಜಾಸ್ತಿಯೇ ಹಿಡಿಯುತ್ತದೆ, ಮಧ್ಯದಲ್ಲಿ ಜಗಳ ಬೇರೆ. ಗಣಿತಜ್ಞ ಜಾನ್ ಕೆರಿಚ್ ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಡೆನ್ಮಾರ್ಕ್‌ನಲ್ಲಿ ಬಂಧನದಲ್ಲಿದ್ದಾಗ ನಾಣ್ಯವನ್ನು 10,000 ಸಲ ಹಾರಿಸಿ, 5,067 ಹೆಡ್ ಎಣಿಸಿದರು. ಸೆರೆಯಲ್ಲಿದ್ದವರಿಗೆ ಮಾತ್ರ ಅಷ್ಟು ಪುರುಸೊತ್ತು.

ಎಕ್ಸೆಲ್ ಅಥವಾ ಗೂಗಲ್ ಶೀಟ್

ಹತ್ತು ಸಾವಿರ ಸಲ ಎಸೆಯಬೇಕಾದರೆ ಶೀಟ್ ಬೇಕು. ನಾಲ್ಕು ಕಾಲಂನಲ್ಲಿ ರ‍್ಯಾಂಡ್‌ಬಿಟ್ವೀನ್ ಫಂಕ್ಷನ್ (ಕೊಟ್ಟ ಎರಡು ಸಂಖ್ಯೆಗಳ ನಡುವೆ ಮನಬಂದಂತೆ ಒಂದನ್ನು ಎತ್ತುವುದು) ಹಾಕಿ, ಒಳಗೆ 0, 1 ಕೊಡಿ. 1 ಅಂದರೆ ಬಿಳಿ. ಐದನೇ ಕಾಲಂನಲ್ಲಿ ಮೊತ್ತ, ಮೊತ್ತ ಸೊನ್ನೆಯಾದರೆ 8 ಅಂತ ಇಫ್ ಹಾಕಿ. ಕೆಳಗೆ ಎಳೆಯಿರಿ, ಕೌಂಟ್‌ಇಫ್‌ನಲ್ಲಿ ಎಣಿಸಿ. ಖಾಲಿ ಸೆಲ್‌ನಲ್ಲಿ ಏನಾದರೂ ಟೈಪ್ ಮಾಡಿದರೆ ಸಾಕು, ಎಲ್ಲ ಸಾಲೂ ಹೊಸದಾಗಿ ಎಸೆದುಕೊಳ್ಳುತ್ತವೆ.

ಕೈಯಲ್ಲಿ ಆಗದ ಕೆಲಸ ಇಲ್ಲಿ ಯಾವುದು ಅಂತ ತೋರಿಸಲು ಹಳೆಯ ಜೂಜಿನ ಲೆಕ್ಕ ಒಂದು ಸಾಕು. 1654ರಲ್ಲಿ ಫ್ರಾನ್ಸಿನ ಗಣಿತಜ್ಞರಾದ ಪಾಸ್ಕಲ್, ಫರ್ಮಾ ಕಾಗದ ಬರೆದುಕೊಂಡದ್ದರ ಹಿಂದೆ ಇದ್ದ ಲೆಕ್ಕಗಳಲ್ಲಿ ಇದೂ ಒಂದು. ಒಂದು ದಾಳವನ್ನು 4 ಸಲ ಎಸೆದರೆ ಒಂದಾದರೂ ಆರು ಬೀಳುವುದು, ಎರಡು ದಾಳವನ್ನು 24 ಸಲ ಎಸೆದರೆ ಒಂದಾದರೂ ಜೋಡಿ ಆರು ಬೀಳುವುದು. ಎರಡೂ ಒಂದೇ ಅಂತ ನಮ್ಮ ಹಜಾರದಲ್ಲೂ ಹೆಚ್ಚಿನವರು ಅಂದಾಜು ಬರೆಯುತ್ತಾರೆ. ಮೊದಲನೆಯದು ಶೇ. 51.8, ಎರಡನೆಯದು ಶೇ. 49.1. ಒಂದರಲ್ಲಿ ಪಣ ಕಟ್ಟಿದವನು ನಿಧಾನಕ್ಕೆ ಗೆಲ್ಲುತ್ತಾನೆ, ಇನ್ನೊಂದರಲ್ಲಿ ನಿಧಾನಕ್ಕೆ ಸೋಲುತ್ತಾನೆ. ನೂರು ಸಲ ಆಡಿ ಈ ವ್ಯತ್ಯಾಸ ಹಿಡಿಯಲು ಸಾಧ್ಯವೇ ಇಲ್ಲ, ಹತ್ತು ಸಾವಿರ ಸಾಲಿನಲ್ಲಿ ಕಾಣುತ್ತದೆ. ಎರಡು ದಾಳಕ್ಕೆ ಒಂದು ಉಪಾಯ: 1ರಿಂದ 36ರವರೆಗೆ ಒಂದು ಸಂಖ್ಯೆ ಎತ್ತಿಸಿ, 36 ಬಂದರೆ ಅದೇ ಜೋಡಿ ಆರು.

ಆದರೆ ಒಂದು ಎಚ್ಚರಿಕೆ. ಬೀಜ ಎಸೆಯದೆ ನೇರ ಶೀಟಿಗೆ ಹೋದ ಮಕ್ಕಳು ಪರದೆ ಹೇಳಿದ್ದನ್ನು ಒಪ್ಪಿಕೊಂಡು ಎದ್ದು ಹೋಗುತ್ತಾರೆ. ಶೀಟಿನ ಬೀಜಕ್ಕೆ ಉಬ್ಬೂ ಇಲ್ಲ, ಚಪ್ಪಟೆಯೂ ಇಲ್ಲ. ನೀವು ಸಮ ಅಂದರೆ ಅದು ಸಮ. ನಿಮ್ಮ ಊಹೆಯೇ ತಪ್ಪಿದ್ದರೆ ಅದು ಹತ್ತು ಸಾವಿರ ಸಲ ಅದೇ ತಪ್ಪನ್ನು ಹೇಳುತ್ತದೆ. ಅದಕ್ಕೇ ಮೊದಲು ಬೀಜ, ಆಮೇಲೆ ಶೀಟ್ ಅನ್ನುವುದು ನನ್ನ ಹಟ.

ಆಪ್, ವಿಡಿಯೋ, ಆರ್, ಪೈಥಾನ್

ಖಾನ್ ಅಕಾಡೆಮಿಯಂಥ ಜಾಗದಲ್ಲಿ ಉಚಿತವಾಗಿ ಅಭ್ಯಾಸದ ಲೆಕ್ಕಗಳಿವೆ, ತಪ್ಪಾದರೆ ತಕ್ಷಣ ಗೊತ್ತಾಗುತ್ತದೆ. ಸೂತ್ರ ಹಾಕಿ ತಪ್ಪು ಮಾಡುವವರಿಗೆ ಒಳ್ಳೆಯದು. ಸುಳಿವಿನ ಬಟನ್ ಮಾತ್ರ ದೊಡ್ಡ ಶತ್ರು. ಮೂರು ಸುಳಿವು ಒತ್ತಿ ಮಾಡಿದ ಲೆಕ್ಕವನ್ನು ಮಾರನೇ ದಿನ ಹಾಳೆಯಲ್ಲಿ ಮಾಡಿಸಿ ನೋಡಿ, ಬಣ್ಣ ಬಯಲಾಗುತ್ತದೆ. ವಿಡಿಯೋ ನೋಡುವುದನ್ನು ನಾನು ಅಭ್ಯಾಸ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಜುಲೈನಲ್ಲಿ ಮೂಡಿಗೆರೆ, ಸಕಲೇಶಪುರದ ಕಡೆ ಕರೆಂಟು, ನೆಟ್‌ವರ್ಕು ಎರಡೂ ಒಟ್ಟಿಗೆ ಹೋಗುವ ದಿನಗಳಿಗೆ ಬೇರೆ ವ್ಯವಸ್ಥೆ ಇರಲೇಬೇಕು.

ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಆರ್ ಭಾಷೆ, ಪೈಥಾನ್ ಎರಡೂ ಉಚಿತ. ಡಿಗ್ರಿಯಲ್ಲಿ ಸಂಖ್ಯಾಶಾಸ್ತ್ರ ಇದ್ದರೆ ಕಲಿಯಿರಿ. ಪಿಯುಸಿಗೆ ಬೇಡ. ಕಾಮಾ ಎಲ್ಲಿ ಬಿಟ್ಟುಹೋಯಿತು ಅಂತ ಹುಡುಕುವುದರಲ್ಲೇ ಸಂಜೆ ಮುಗಿಯುತ್ತದೆ, ಸಂಭವನೀಯತೆ ಅಲ್ಲೇ ಉಳಿಯುತ್ತದೆ.

ಮಳೆ ಪುಸ್ತಕ, ಆಲೂಗಡ್ಡೆ ಚೀಲ, ಹಾಜರಿ ಪುಸ್ತಕ

ಸರಾಸರಿ, ಮಧ್ಯಾಂಕ (ಸಾಲಾಗಿ ಜೋಡಿಸಿದಾಗ ನಡುವಿನದು), ಬಹುಲಕ (ಹೆಚ್ಚು ಸಲ ಬರುವುದು) ಲೆಕ್ಕ ಹಾಕಲು ಬರುತ್ತದೆ, ಯಾವುದನ್ನು ಯಾವಾಗ ನಂಬಬೇಕು ಗೊತ್ತಿಲ್ಲ. ಇಂಥವರಿಗೆ ನಿಜವಾದ ಅಂಕಿಗಳೇ ಮದ್ದು. ಅವು ನಮ್ಮ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಬೇಕಾದಷ್ಟು ಬಿದ್ದಿವೆ.

ಕಾಫಿ ತೋಟದ ಮನೆಗಳಲ್ಲಿ ಮಳೆ ಅಳೆಯುವ ರೂಢಿ ಹಳೆಯದು. ಬೆಳಿಗ್ಗೆ ಎದ್ದು ಅಳತೆ ನೋಡಿ ಪುಸ್ತಕದಲ್ಲಿ ಇಂಚು, ಸೆಂಟಿನ ಲೆಕ್ಕದಲ್ಲಿ ಬರೆದಿಡುತ್ತಾರೆ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಸಕಲೇಶಪುರದ ಹತ್ತಿರ ನಮ್ಮ ಮಾವನ ಮನೆಯಲ್ಲಿ ಇಂಥ ಪುಸ್ತಕಗಳ ಒಂದು ಕಟ್ಟೇ ಇದೆ, ಅಂಚು ಗೆದ್ದಲು ತಿಂದಿದೆ. ಒಂದು ಮಳೆಗಾಲದ ಹಾಳೆ ತೆಗೆದುಕೊಂಡು ಮಕ್ಕಳಿಗೆ ಹೇಳಿದೆ: ಮಳೆ ಬಂದ ದಿನಕ್ಕೆ ಮ, ಬಾರದ ದಿನಕ್ಕೆ ಒ ಅಂತ ಬರೆಯುತ್ತಾ ಹೋಗಿ. ಈಗ ಮ ಆದಮೇಲೆ ಮ ಎಷ್ಟು ಸಲ, ಒ ಆದಮೇಲೆ ಮ ಎಷ್ಟು ಸಲ ಎಣಿಸಿ.

ನಾಣ್ಯದಲ್ಲಾದರೆ ಎರಡೂ ಪ್ರಮಾಣ ಒಂದೇ ಬರಬೇಕು, ನಾಣ್ಯಕ್ಕೆ ನೆನಪಿಲ್ಲ. ಮಳೆಗೆ ನೆನಪಿದೆ. ಇವತ್ತು ಸುರಿದಿದ್ದರೆ ನಾಳೆ ಸುರಿಯುವ ಅವಕಾಶ ಜಾಸ್ತಿ. ಸ್ವತಂತ್ರ ಘಟನೆ ಅಂದರೇನು ಅಂತ ಹತ್ತು ಸಲ ವ್ಯಾಖ್ಯೆ ಹೇಳಿದ್ದರೂ ಆಗದ ಕೆಲಸ, ಆ ಮ ಮತ್ತು ಒ ಸಾಲಿನಲ್ಲಿ ಹತ್ತು ನಿಮಿಷದಲ್ಲಿ ಆಯಿತು. ಒಂದು ಆಗಿದೆ ಅಂತ ಗೊತ್ತಾದಮೇಲೆ ಇನ್ನೊಂದು ಆಗುವ ಅವಕಾಶ, ಅಂದರೆ ಷರತ್ತಿನ ಸಂಭವನೀಯತೆಯೂ ಅದೇ ಹಾಳೆಯಲ್ಲಿ ಬಂತು. ಕಾಫಿ ಹೂ ಅರಳಿಸುವ ಹೂಮಳೆಯ ಪ್ರಶ್ನೆ ಇನ್ನೂ ಚೆನ್ನ: ಮೂವತ್ತು ವರ್ಷದ ಪುಸ್ತಕದಲ್ಲಿ ಎಷ್ಟು ವರ್ಷ ಮಾರ್ಚ್‌ನಲ್ಲಿ ಒಂದು ಇಂಚು ಒಟ್ಟಿಗೆ ಬಿದ್ದಿದೆ? ಅದನ್ನು ಮೂವತ್ತರಿಂದ ಭಾಗಿಸಿದರೆ ತೋಟದವರು ದಿನಾ ಆಕಾಶ ನೋಡಿ ಕೇಳಿಕೊಳ್ಳುವ ಪ್ರಶ್ನೆಗೆ ಒಂದು ಉತ್ತರ.

ತೋಟ ಇಲ್ಲದವರು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ವರದಿ ತೆಗೆದುಕೊಳ್ಳಬಹುದು. ಅಲ್ಲಿ ಒಂದು ಕೆಲಸ ಮಾಡಿ. ಹಾಸನ ಜಿಲ್ಲೆಯ ಸರಾಸರಿ ಮಳೆ ನೋಡಿ, ಆಮೇಲೆ ಸಕಲೇಶಪುರದ್ದು, ಅರಸೀಕೆರೆಯದ್ದು ಬೇರೆ ಬೇರೆ ನೋಡಿ. ಚಿಕ್ಕಮಗಳೂರಲ್ಲಾದರೆ ಶೃಂಗೇರಿ, ಕಡೂರು. ಜಿಲ್ಲೆಯ ಸರಾಸರಿ ಈ ಎರಡೂ ಊರಿನವರಿಗೆ ಸುಳ್ಳು ಅನ್ನಿಸುತ್ತದೆ. ಹಿಡುವಳಿಯಲ್ಲೂ ಇದೇ ಕತೆ. ಒಂಬತ್ತು ಮನೆಗೆ ತಲಾ 2 ಎಕರೆ, ಹತ್ತನೆಯವರಿಗೆ 182 ಎಕರೆ ತೋಟ ಅಂತಿಟ್ಟುಕೊಳ್ಳಿ. ಸರಾಸರಿ 20 ಎಕರೆ, ಮಧ್ಯಾಂಕ 2. ಆ ಊರಿನಲ್ಲಿ 20 ಎಕರೆ ಇರುವವರು ಒಬ್ಬರೂ ಇಲ್ಲ.

ಸ್ಯಾಂಪಲ್ ಪಾಠಕ್ಕೆ ಆಲೂಗಡ್ಡೆ ಚೀಲ ಸಾಕು. ಚೀಲದ ಬಾಯಲ್ಲಿ ಇರುವ ಹತ್ತು ಗಡ್ಡೆಯ ತೂಕ, ಚೀಲ ಸುರಿದು ಕಣ್ಣು ಮುಚ್ಚಿ ಎತ್ತಿದ ಹತ್ತರ ತೂಕ ಹೋಲಿಸಿ. ಸಂತೆಗೆ ಹೋಗಿ ಅಭ್ಯಾಸವಿದ್ದವರಿಗೆ ಜಾಸ್ತಿ ವಿವರಿಸಬೇಕಾಗಿಲ್ಲ.

ಇನ್ನು ಹಾಜರಿ ಪುಸ್ತಕ ಇಟ್ಟುಕೊಂಡು ಹುಟ್ಟುಹಬ್ಬದ ಲೆಕ್ಕ. 23 ಜನ ಇದ್ದರೆ ಇಬ್ಬರ ಹುಟ್ಟಿದ ದಿನ ಒಂದೇ ಆಗಿರುವ ಸಂಭವನೀಯತೆ ಅರ್ಧ ದಾಟುತ್ತದೆ, ಶೇ. 50.7. ನಲವತ್ತು ಜನರ ತರಗತಿಯಲ್ಲಿ ಶೇ. 89. ಮಕ್ಕಳ ಅಂದಾಜು ಇದರ ಹತ್ತಿರಕ್ಕೂ ಬರುವುದಿಲ್ಲ, ಅದಕ್ಕೇ ಇದು ಒಳ್ಳೆಯ ಅಭ್ಯಾಸ. ಆದರೆ ಈ ಲೆಕ್ಕ ವರ್ಷದ 365 ದಿನಕ್ಕೂ ಸಮ ಅವಕಾಶ ಅಂತ ನಂಬಿ ಹಾಕಿದ್ದು. ನಮ್ಮ ಕಡೆಯ ಹಳೆ ತಲೆಮಾರಿನವರ ದಾಖಲೆ ನೋಡಿದರೆ ಜೂನ್ 1ರಂದು ಹುಟ್ಟಿದವರು ಎಷ್ಟು ಮಂದಿ! ಶಾಲೆಗೆ ಸೇರಿಸುವಾಗ ಮೇಷ್ಟ್ರು ಲೆಕ್ಕ ಸುಲಭವಾಗಲಿ ಅಂತ ಬರೆದ ದಿನ ಅದು. ಅಜ್ಜ ಅಜ್ಜಿಯರನ್ನು ಸೇರಿಸಿ ಎಣಿಸಿದರೆ 23 ಜನ ಬೇಕಾಗುವುದೇ ಇಲ್ಲ.

ಷರತ್ತಿನ ಲೆಕ್ಕ ಇನ್ನೂ ತಲೆಗೆ ಹೋಗದವರಿಗೆ ತಟ್ಟೆಯಲ್ಲಿ ನೂರು ಕಾಫಿ ಬೀಜ ಸುರಿದುಕೊಳ್ಳಿ ಅನ್ನುತ್ತೇನೆ. ಒಂದೊಂದು ಬೀಜ ಒಂದೊಂದು ರಾತ್ರಿ. ಎರಡು ರಾತ್ರಿ ತೋಟಕ್ಕೆ ಆನೆ ಬಂತು ಅಂತ ಇಟ್ಟುಕೊಳ್ಳೋಣ, ಎರಡೂ ದಿನ ನಾಯಿ ಬೊಗಳಿತು. ಆನೆ ಬಾರದ 98 ರಾತ್ರಿಯಲ್ಲೂ 14 ಸಲ ಬೊಗಳಿತು. ಈಗ ನಾಯಿ ಬೊಗಳುತ್ತಿದೆ, ಆನೆ ಬಂದಿರುವ ಸಂಭವನೀಯತೆ? ಬೊಗಳಿದ 16 ಬೀಜ ಪಕ್ಕಕ್ಕಿಡಿ, ಅದರಲ್ಲಿ ಆನೆಯವು ಎರಡು. ಎಂಟರಲ್ಲಿ ಒಂದು. ಆನೆ ಬಂದಾಗ ನಾಯಿ ತಪ್ಪದೆ ಬೊಗಳುತ್ತದೆ ಅನ್ನುವುದೂ ನಿಜ, ಬೊಗಳಿದಾಗ ಹೆಚ್ಚಿನ ಸಲ ಆನೆ ಇರುವುದಿಲ್ಲ ಅನ್ನುವುದೂ ನಿಜ. ಇಂಥ ಷರತ್ತಿನ ಲೆಕ್ಕಕ್ಕೆ ಪುಸ್ತಕದಲ್ಲಿರುವ ಬೇಯ್ಸ್ ಸೂತ್ರ ಬರೆಯದೆಯೇ ಬೇಯ್ಸ್ ಲೆಕ್ಕ ಮುಗಿಯಿತು. ಎಂಟರಲ್ಲಿ ಒಂದು ಅಂತ ಬಾಗಿಲು ತೆಗೆದು ಹೊರಗೆ ಹೋಗಬೇಡಿ, ಅದು ಬೇರೆ ವಿಷಯ.

ಹಾಗಾದರೆ ಯಾರಿಗೆ ಯಾವುದು?

ಎಸ್‌ಎಸ್‌ಎಲ್‌ಸಿಗೆ ಪಠ್ಯಪುಸ್ತಕದ ಲೆಕ್ಕ, ಜೊತೆಗೆ ವಾರಕ್ಕೊಂದು ಸಂಜೆ ಬೀಜ. ಅಷ್ಟು ಸಾಕು, ಆಪ್‌ಗೆ ದುಡ್ಡು ಹಾಕಬೇಡಿ. ಪಿಯುಸಿಯವರು ಡಿಸೆಂಬರ್‌ವರೆಗೆ ಬೀಜ, ಶೀಟ್, ಮಳೆ ಅಂತ ಆಡಿಕೊಂಡಿರಲಿ, ಜನವರಿಯಿಂದ ಚೀಟಿ ಡಬ್ಬಿ. ಬ್ಯಾಂಕು, ಕೆಎಎಸ್ ಅಂತ ಪರೀಕ್ಷೆ ಕಟ್ಟುವವರಿಗೆ ವೇಗವೇ ಮುಖ್ಯ, ಅವರು ನೇರ ಚೀಟಿಗೆ ಹೋಗಲಿ, ಗಡಿಯಾರ ಇಟ್ಟುಕೊಂಡು. ಡಿಗ್ರಿಯವರು ಮಳೆ ಪುಸ್ತಕವನ್ನು ಆರ್‌ಗೆ ಹಾಕಿ, ಒಂದೇ ಕಲ್ಲಿಗೆ ಎರಡು ಹಕ್ಕಿ. ಪರೀಕ್ಷೆಯೇ ಇಲ್ಲದ, ಸುಮ್ನೆ ತಿಳಿದುಕೊಳ್ಳಬೇಕು ಅನ್ನುವ ದೊಡ್ಡವರು ಚೌಕಾಬಾರದಿಂದ ಶುರು ಮಾಡಲಿ.

ಕಳೆದ ವಾರ ಒಬ್ಬಳು ಬಂದು ಕೇಳಿದಳು: "ಬಾರದ ಸಂಭವನೀಯತೆ ಶೀಟಲ್ಲಿ ಹದಿನಾರರಲ್ಲಿ ಒಂದು ಬಂತು, ನಮ್ಮ ಮನೆ ಬೀಜದಲ್ಲಿ ಅದಕ್ಕಿಂತ ತೀರಾ ಕಡಿಮೆ. ಯಾವುದು ಬರೀಲಿ?" ಪ್ರಶ್ನೆಯಲ್ಲಿ ಸಮ ಅಂತ ಕೊಟ್ಟಿದ್ದರೆ ಹದಿನಾರರಲ್ಲಿ ಒಂದು ಬರಿ ಅಂದೆ. ಮನೆಯಲ್ಲಿ ಅಜ್ಜಿ ಜೊತೆ ಆಡುವಾಗ ಬಾರ ನಂಬಿಕೊಂಡು ಕಾಯಿ ಹಿಂದೆ ನಿಲ್ಲಿಸಬೇಡ ಅಂತಲೂ ಅಂದೆ. ಆ ಬೀಜಗಳನ್ನು ಉಜ್ಜಿದ್ದು ಅಜ್ಜಿಯೇ ಅಂತೆ.